ಎರವಲು ಬೈಕಿನ ಲೆಕ್ಕ: ರಸ್ತೆ ಅಪಘಾತ ಪರಿಹಾರದ ನೂರ ಎಪ್ಪತ್ತು ವರ್ಷ

ಇಳಕಲ್ಲಿನಿಂದ ಕುಷ್ಟಗಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ. ಬೇರೊಬ್ಬರ ಹೀರೋ ಹೋಂಡಾ ಬೈಕನ್ನು ಕೇಳಿ ಪಡೆದು ಒಬ್ಬಾತ ತನ್ನೂರು ಗುಡೂರಿಗೆ ಹೊರಟಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಎತ್ತಿನ ಗಾಡಿಯೊಂದು ಹೋಗುತ್ತಿತ್ತು. ಗಾಡಿ ಇದ್ದಕ್ಕಿದ್ದಂತೆ ನಿಂತಿತು, ಬೈಕು ಹೋಗಿ ಬಡಿಯಿತು. ಸವಾರ ಬದುಕಲಿಲ್ಲ.

ಬೈಕಿಗೆ ವಿಮೆ ಇತ್ತು. ಆ ಧೈರ್ಯದಲ್ಲಿ ಕುಟುಂಬದವರು ಪರಿಹಾರ ಕೇಳಿ ಅರ್ಜಿ ಹಾಕಿದರು. ಕ್ಲೇಮ್ಸ್ ಟ್ರಿಬ್ಯುನಲ್ ಪರಿಹಾರ ಕೊಡಿ ಎಂದಿತು. ಕರ್ನಾಟಕ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಪ್ರಕರಣ ದೆಹಲಿಗೆ ಹೋಯಿತು. 2009ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ತಿರುಳು ಇಷ್ಟು: ಬೈಕನ್ನು ಎರವಲು ಪಡೆದವನು ಆ ಹೊತ್ತಿಗೆ ಮಾಲೀಕನ ಜಾಗದಲ್ಲಿ ನಿಂತಿರುತ್ತಾನೆ. ಪರಿಹಾರ ಕೊಡಬೇಕಾದ ಹೊಣೆ ಮಾಲೀಕನದು, ಆ ಹೊಣೆಯನ್ನು ಹೊತ್ತುಕೊಳ್ಳುವುದಷ್ಟೇ ವಿಮಾ ಕಂಪನಿಯ ಕೆಲಸ. ಕೊಡಬೇಕಾದವನೇ ಕೇಳುವವನಾಗಲು ಬರುವುದಿಲ್ಲ. ಕುಟುಂಬ ಯಾವ ಕಲಮಿನ ಅಡಿಯಲ್ಲಿ ಅರ್ಜಿ ಹಾಕಿತ್ತೋ ಅದರಲ್ಲಿ ಪರಿಹಾರ ಸಿಗದು, ಬೇರೆ ಕಲಮಿನಲ್ಲಿ ಏನಾದರೂ ಸಿಗಬಹುದೇ ನೋಡಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ವಾಪಸು ಕಳಿಸಲಾಯಿತು.

ಊರಲ್ಲಿ ಬೈಕು ಕೇಳಿ ಪಡೆಯುವುದು ಕೊಡಲಿ, ಏಣಿ ಕೇಳಿ ಪಡೆದಷ್ಟೇ ಸಹಜ. ಹಾಗೆ ಬೈಕು ಒಯ್ದವನು ಸತ್ತರೆ ಕಾನೂನು ಅವನನ್ನು ಮಾಲೀಕ ಎನ್ನುತ್ತದೆ ಎಂದು ಯಾರೂ ಎಣಿಸಿರುವುದಿಲ್ಲ. ಈ ಮಾತು ಕಾನೂನಿನೊಳಗೆ ಬಂದದ್ದು ಹೇಗೆ ಎಂದು ತಿಳಿಯಲು ಬಹಳ ಹಿಂದಕ್ಕೆ ಹೋಗಬೇಕು. ಭಾರತದ ಅಪಘಾತ ಪರಿಹಾರ ಕಾನೂನಿನ ಚರಿತ್ರೆ ಒಂದು ರೀತಿಯಲ್ಲಿ ಉದಾರವಾಗುತ್ತ ಬಂದ ಚರಿತ್ರೆ. ಆದರೆ ಆ ಉದಾರತೆಯೆಲ್ಲ ಹರಿದದ್ದು ‘ಮೂರನೆಯವರ’ ಕಡೆಗೆ. ದೇಶದ ರಸ್ತೆಗಳಲ್ಲಿ ಅತಿ ಹೆಚ್ಚು ಸಾಯುವ ಬೈಕ್ ಸವಾರ ಎಷ್ಟೋ ಸಲ ಆ ಮೂರನೆಯವರ ಪಟ್ಟಿಯಲ್ಲಿ ಇರುವುದೇ ಇಲ್ಲ.

ಸಾವಿಗೆ ಬೆಲೆ ಇಲ್ಲದ ಕಾಲ

1808ರಲ್ಲಿ ಇಂಗ್ಲೆಂಡಿನಲ್ಲಿ ಪ್ರಯಾಣಿಕರ ಕುದುರೆ ಗಾಡಿಯೊಂದು ಮಗುಚಿದ ಪ್ರಕರಣ ಲಾರ್ಡ್ ಎಲೆನ್‌ಬರೋ ಅವರ ಮುಂದೆ ಬಂತು. ಗಾಡಿಯಲ್ಲಿದ್ದ ಗಂಡನಿಗೆ ಗಾಯವಾಗಿತ್ತು, ಹೆಂಡತಿ ಸುಮಾರು ಒಂದು ತಿಂಗಳು ನರಳಿ ತೀರಿಕೊಂಡಿದ್ದಳು. ಗಂಡನಿಗೆ ಅವನ ಗಾಯಕ್ಕೂ ಹೆಂಡತಿ ನರಳಿದ ಆ ಒಂದು ತಿಂಗಳ ನಷ್ಟಕ್ಕೂ ಪರಿಹಾರ ಸಿಕ್ಕಿತು. ಆಕೆ ಸತ್ತದ್ದಕ್ಕೆ ಏನೂ ಇಲ್ಲ. ಮನುಷ್ಯನ ಸಾವನ್ನು ಸಿವಿಲ್ ಕೋರ್ಟಿನಲ್ಲಿ ನಷ್ಟವೆಂದು ದೂರಲು ಬರುವುದಿಲ್ಲ ಎಂಬುದು ಅಂದಿನ ತತ್ವ. ಅಂದರೆ ಕಾಲು ಮುರಿದವನಿಗೆ ದುಡ್ಡು ಕೊಡಬೇಕು, ಕೊಂದರೆ ಕೊಡಬೇಕಾಗಿಲ್ಲ.

ಅದೇ ದೇಶದಲ್ಲಿ ಇನ್ನೊಂದು ಹಳೆಯ ಪದ್ಧತಿಯೂ ಇತ್ತು. ಸಾವಿಗೆ ಕಾರಣವಾದ ವಸ್ತುವನ್ನೋ ಅದರ ಬೆಲೆಯನ್ನೋ ರಾಜನಿಗೆ ಒಪ್ಪಿಸಬೇಕಿತ್ತು. ಗಾಡಿಯ ಚಕ್ರ, ಎತ್ತು, ಕುದುರೆ ಇದ್ದಾಗ ಇದು ನಡೆಯಿತು. ರೈಲು ಬಂದು, ತೀರ್ಪುಗಾರರು ಉಗಿಬಂಡಿಗೇ ಬೆಲೆ ಕಟ್ಟತೊಡಗಿದಾಗ ರೈಲು ಕಂಪನಿಗಳು ಬೆಚ್ಚಿದವು. 1846ರಲ್ಲಿ ಈ ಪದ್ಧತಿ ರದ್ದಾಯಿತು. ಅದೇ ವರ್ಷ ಲಾರ್ಡ್ ಕ್ಯಾಂಪ್‌ಬೆಲ್ ಹೆಸರಿನ ಕಾಯ್ದೆ ಬಂದು, ಬೇರೆಯವರ ತಪ್ಪಿನಿಂದ ಸತ್ತವರ ಕುಟುಂಬಕ್ಕೆ ಮೊದಲ ಬಾರಿ ಪರಿಹಾರ ಕೇಳುವ ಹಕ್ಕು ಸಿಕ್ಕಿತು.

ಭಾರತದಲ್ಲಿ ಬೋರಿಬಂದರ್‌ನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಇಂಗ್ಲೆಂಡಿನ ಮಾದರಿಯ ಮಾರಣಾಂತಿಕ ಅಪಘಾತಗಳ ಕಾಯ್ದೆ ಇಲ್ಲಿಗೂ ಬಂತು. ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳ ಹೊರತು ಬೇರೆ ಯಾರೂ ಅದರ ಪ್ರಕಾರ ಪರಿಹಾರಕ್ಕೆ ಬಾಧ್ಯರಲ್ಲ. ಎದುರಾಳಿಯ ತಪ್ಪನ್ನು ಸಾಬೀತು ಮಾಡುವ ಹೊರೆ ಸತ್ತವರ ಮನೆಯವರ ಮೇಲೆ. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು, ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು. ದುಡಿಯುವವನನ್ನು ಕಳೆದುಕೊಂಡ ಮನೆ ಮೊದಲು ದುಡ್ಡು ಹೊಂದಿಸಿಕೊಂಡು ಆಮೇಲೆ ನ್ಯಾಯ ಕೇಳಬೇಕಿತ್ತು. ಮುಂದಿನ ನೂರು ವರ್ಷ ಬಹುಮಟ್ಟಿಗೆ ಇದೇ ನಡೆಯಿತು.

‘ಥರ್ಡ್ ಪಾರ್ಟಿ’ ಹುಟ್ಟಿದ್ದು

ಮೋಟಾರು ವಾಹನಗಳಿಗೆಂದೇ ಬಂದ 1914ರ ಕಾಯ್ದೆ ನೋಂದಣಿ, ಲೈಸೆನ್ಸುಗಳ ಮಾತಾಡಿತೇ ಹೊರತು ವಿಮೆಯ ಮಾತಾಡಲಿಲ್ಲ. ಡಿಕ್ಕಿ ಹೊಡೆದವನ ಬಳಿ ಹಣವಿಲ್ಲದಿದ್ದರೆ ಗೆದ್ದ ತೀರ್ಪು ಬರೀ ಕಾಗದ. ಈ ಕಷ್ಟಕ್ಕೆ ಉತ್ತರವಾಗಿ ಬಂದದ್ದು 1939ರ ಮೋಟಾರು ವಾಹನಗಳ ಕಾಯ್ದೆಯ ಎಂಟನೇ ಅಧ್ಯಾಯ. ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ವಿಮೆ ಇರಲೇಬೇಕು ಎಂಬ ಈ ನಿಯಮ ಜಾರಿಯಾದದ್ದು 1946ರ ಜುಲೈ 1ರಂದು.

ವಿಮೆಯ ಭಾಷೆಯಲ್ಲಿ ಪಾಲಿಸಿ ಮಾಡಿಸಿದ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು. ಇವರಿಬ್ಬರ ಒಪ್ಪಂದಕ್ಕೆ ಹೊರಗಿನವರು, ಅಂದರೆ ದಾರಿಹೋಕರು, ಸೈಕಲ್ಲಿನವರು, ಎದುರಿನ ವಾಹನದವರು ಮೂರನೆಯವರು. ಕಡ್ಡಾಯ ವಿಮೆ ಹುಟ್ಟಿದ್ದು ಈ ಮೂರನೆಯವರನ್ನು ಕಾಯಲು. ಮಾಲೀಕ ತನ್ನನ್ನು ತಾನು ನೋಡಿಕೊಳ್ಳಬಲ್ಲ ಎಂಬ ಎಣಿಕೆ ಅದರ ಬುಡದಲ್ಲಿತ್ತು. 1939ರ ಮಟ್ಟಿಗೆ ಅದು ತಪ್ಪೆಣಿಕೆಯೂ ಅಲ್ಲ. ಆಗ ವಾಹನ ಇದ್ದದ್ದು ಉಳ್ಳವರ ಬಳಿ. ರಸ್ತೆಯಲ್ಲಿ ನಡೆಯುವವರು ಬಡವರು.

ಕನ್ನಡ ನಾಡು ಒಂದಾದ 1956ರಲ್ಲೇ ಸಂಸತ್ತು ಆ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತು. ಅಪಘಾತದ ಪರಿಹಾರಕ್ಕೆ ಪ್ರತ್ಯೇಕ ನ್ಯಾಯಮಂಡಳಿಗಳಾದವು. ದೊಡ್ಡ ಕೋರ್ಟ್ ಫೀ ತಪ್ಪಿತು, ದಾವೆಯ ಬದಲು ಅರ್ಜಿ ಸಾಕಾಯಿತು. ಬೆಂಗಳೂರಿನಲ್ಲಿ ಇಂದಿಗೂ ಲಘು ವ್ಯವಹಾರಗಳ ನ್ಯಾಯಾಲಯವೇ ಈ ಮಂಡಳಿಯಾಗಿ ಕೂರುತ್ತದೆ. ಕರ್ನಾಟಕದ ಕೋರ್ಟುಗಳ ಆವರಣದಲ್ಲಿ ‘ಎಂ.ವಿ.ಸಿ. ಕೇಸು’ ಎಂದರೆ ಬೇರೆ ವಿವರಣೆ ಬೇಕಿಲ್ಲ.

ಅಷ್ಟರಲ್ಲಿ ರಸ್ತೆಯೇ ಬದಲಾಗುತ್ತಿತ್ತು. 1955ರಿಂದ ಮದ್ರಾಸಿನಲ್ಲಿ ಎನ್‌ಫೀಲ್ಡ್, 1961ರಿಂದ ಮೈಸೂರಿನಲ್ಲಿ ಜಾವಾ ತಯಾರಾಗತೊಡಗಿದವು. ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆಗೂಡಿ ಬಂದ 100 ಸಿ.ಸಿ. ಬೈಕುಗಳು ಉಳಿದ ಕೆಲಸ ಮುಗಿಸಿದವು. ಹಾಲಿನವರು, ಮೇಷ್ಟ್ರು, ಗಾರೆ ಕೆಲಸದವರು, ಸಂತೆಗೆ ಹೋಗುವವರು ಎಲ್ಲರೂ ವಾಹನದ ಮಾಲೀಕರಾದರು. ಮಾಲೀಕ ಎಂದರೆ ಉಳ್ಳವನು ಎಂಬ 1939ರ ಎಣಿಕೆ ಮಾತ್ರ ಕಾಯ್ದೆಯೊಳಗೆ ಹಾಗೇ ಕೂತಿತ್ತು.

ತಪ್ಪು ಯಾರದು?

ನ್ಯಾಯಮಂಡಳಿ ಬಂದರೂ ಹಳೆಯ ಗೋಡೆಯೊಂದು ಉಳಿದಿತ್ತು. ಎದುರಿನ ಚಾಲಕನ ನಿರ್ಲಕ್ಷ್ಯ ಸಾಬೀತಾಗದೆ ಪರಿಹಾರವಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಆದ ಡಿಕ್ಕಿಗೆ ಸಾಕ್ಷಿ ಎಲ್ಲಿಂದ ತರುವುದು? ಕಂಡವರು ಪೊಲೀಸರ ತಂಟೆ ಬೇಡವೆಂದು ಜಾರಿಕೊಳ್ಳುತ್ತಾರೆ. ಸತ್ತವನು ಸಾಕ್ಷಿ ಹೇಳಲಾರ.

ಕೇರಳ ಹೈಕೋರ್ಟಿನಲ್ಲಿದ್ದಾಗಲೇ ನ್ಯಾ. ವಿ.ಆರ್. ಕೃಷ್ಣ ಅಯ್ಯರ್, ಯಾರ ತಪ್ಪು ಎಂದು ಕೇಳದೆ ಪರಿಹಾರ ಕೊಡುವ ಪದ್ಧತಿ ಬೇಕೆಂದು ಬರೆದಿದ್ದರು. ಆದರೆ 1977ರಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಇರುವ ಹಾಗೆ ಓದಿದರೆ ತಪ್ಪು ಸಾಬೀತಾಗಲೇಬೇಕು ಎಂದಿತು. 1980ರಲ್ಲಿ ಕಾನೂನು ಆಯೋಗ ತನ್ನ 85ನೇ ವರದಿಯಲ್ಲಿ ಬದಲಾವಣೆಗೆ ಶಿಫಾರಸು ಮಾಡಿತು. 1982ರಲ್ಲಿ ಸಂಸತ್ತು ಒಪ್ಪಿತು: ತಪ್ಪು ಯಾರದೇ ಇರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500. ಗುದ್ದಿ ಓಡಿಹೋದ ವಾಹನದ ಗುರುತು ಸಿಗದಿದ್ದರೆ ಸಾವಿಗೆ 5,000.

ಮೊತ್ತ ಸಣ್ಣದು, ಆದರೆ ಮೊದಲ ಪ್ರಶ್ನೆ ಬದಲಾಗಿತ್ತು. ‘ಯಾರು ತಪ್ಪು ಮಾಡಿದರು’ ಎಂಬುದಕ್ಕೂ ಮುಂಚೆ ‘ಯಾರು ಕಳೆದುಕೊಂಡರು’ ಎಂದು ಕೇಳಲು ಕಾನೂನು ಕಲಿತಿತ್ತು.

ಕಳೆದುಕೊಂಡವರು ಯಾರು ಎಂಬುದನ್ನು ವಿಸ್ತರಿಸಿದವರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಒಬ್ಬರು. 1987ರಲ್ಲಿ ಗುಜರಾತಿನ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲಿ, ಸತ್ತವರ ಸಹೋದರ ಪರಿಹಾರ ಕೇಳಬಹುದೇ ಎಂಬ ಪ್ರಶ್ನೆ ಅವರ ಮುಂದಿತ್ತು. 1855ರ ಪಟ್ಟಿಯಲ್ಲಿ ಸಹೋದರ ಇಲ್ಲ. ಆ ಪಟ್ಟಿ ಇಂಗ್ಲೆಂಡಿನ ಮನೆಗೆ ಹೊಂದುವಂಥದ್ದು. ಇಲ್ಲಿನ ಮನೆಗಳಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಕೆಲವೊಮ್ಮೆ ಸಾಕಿದ ಮಕ್ಕಳು ಒಂದೇ ದುಡಿಮೆಯ ಮೇಲೆ ಬದುಕುತ್ತಾರೆ ಎಂಬುದನ್ನು ತೀರ್ಪು ಗುರುತಿಸಿತು. ಮೋಟಾರು ವಾಹನಗಳ ಕಾಯ್ದೆ ‘ಕಾನೂನುಬದ್ಧ ವಾರಸುದಾರರು’ ಎಂದಷ್ಟೇ ಹೇಳಿರುವಾಗ ಹಳೆಯ ಪಟ್ಟಿಗೆ ಕಟ್ಟುಬೀಳಬೇಕಿಲ್ಲ ಎಂದಾಯಿತು. ಅವಿಭಕ್ತ ಕುಟುಂಬದ ರೂಢಿ ಹೀಗೆ ಪರಿಹಾರದ ಕಾನೂನಿನೊಳಗೆ ಕಾಲಿಟ್ಟಿತು.

ಹೋದವರ ಲೆಕ್ಕ

ಇನ್ನುಳಿದ ಪ್ರಶ್ನೆ: ಎಷ್ಟು? ಒಬ್ಬ ನ್ಯಾಯಾಧೀಶರಿಗೆ ಎರಡು ಲಕ್ಷ ಸರಿ ಎನಿಸಿದರೆ, ಪಕ್ಕದ ಜಿಲ್ಲೆಯಲ್ಲಿ ಅಂಥದೇ ಸಾವಿಗೆ ಎಂಬತ್ತು ಸಾವಿರ ಸರಿ ಎನಿಸಬಹುದಿತ್ತು. ತೊಂಬತ್ತರ ದಶಕದ ಆರಂಭದಲ್ಲಿ, ಕರ್ನಾಟಕದವರೇ ಆದ ಎಂ.ಎನ್. ವೆಂಕಟಾಚಲಯ್ಯ ಅವರಿದ್ದ ಪೀಠ ಕೇರಳದ ಪ್ರಕರಣವೊಂದರಲ್ಲಿ ‘ಗುಣಕ’ ಪದ್ಧತಿಯೇ ಸರಿಯಾದದ್ದು ಎಂದು ಎತ್ತಿಹಿಡಿಯಿತು. ಸತ್ತವರು ಮನೆಗೆ ವರ್ಷಕ್ಕೆ ಎಷ್ಟು ಕೊಡುತ್ತಿದ್ದರು ಎಂದು ನೋಡಿ, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುವುದು ಈ ಪದ್ಧತಿ.

1994ರಲ್ಲಿ ಸಂಸತ್ತು ಇದಕ್ಕೆ ಒಂದು ಕೋಷ್ಟಕವನ್ನೇ ಕಾಯ್ದೆಗೆ ಅಂಟಿಸಿತು. ವರ್ಷಕ್ಕೆ 40,000 ರೂಪಾಯಿಯ ತನಕ ಆದಾಯವಿದ್ದವರ ಕುಟುಂಬ ಯಾರ ತಪ್ಪನ್ನೂ ಸಾಬೀತು ಮಾಡದೆ ಅದರ ಪ್ರಕಾರ ಹಣ ಪಡೆಯಬಹುದಿತ್ತು. ಇಳಕಲ್ ರಸ್ತೆಯ ಕುಟುಂಬ ಅರ್ಜಿ ಹಾಕಿದ್ದು ಈ 163ಎ ಕಲಮಿನಲ್ಲೇ. ಕೋಷ್ಟಕದಲ್ಲಿ ಲೆಕ್ಕದ ತಪ್ಪುಗಳಿದ್ದವು. ಸುಪ್ರೀಂ ಕೋರ್ಟ್ 1996ರಲ್ಲೇ ಅವನ್ನು ತೋರಿಸಿತ್ತು. ಬೆಲೆಯೇರಿಕೆಗೆ ತಕ್ಕಂತೆ ತಿದ್ದುವ ಅಧಿಕಾರ ಕೇಂದ್ರ ಸರ್ಕಾರಕ್ಕಿತ್ತು, ಆದರೂ ಸರ್ಕಾರ ತಿದ್ದಲಿಲ್ಲ. 2013ರಲ್ಲಿ ಕರ್ನಾಟಕದ ಇನ್ನೊಂದು ಪ್ರಕರಣ ವಿಚಾರಣೆಗೆ ಬಂದಾಗ ಸುಪ್ರೀಂ ಕೋರ್ಟ್ ತಿದ್ದಿ ಎಂದು ಹೇಳಿತು. ತಿದ್ದುಪಡಿ ಬಂದದ್ದು 2018ರಲ್ಲಿ. ಸಂಪಾದನೆ ಇಲ್ಲದವರ ಕಾಲ್ಪನಿಕ ಆದಾಯ ಕೋಷ್ಟಕದಲ್ಲಿ ಅಲ್ಲಿಯತನಕವೂ ವರ್ಷಕ್ಕೆ 15,000 ರೂಪಾಯಿಯೇ ಆಗಿತ್ತು.

ತಪ್ಪನ್ನು ಸಾಬೀತು ಮಾಡಿ ಪೂರ್ಣ ಪರಿಹಾರ ಕೇಳುವ ಪ್ರಕರಣಗಳಿಗೆ ಸ್ಪಷ್ಟವಾದ ಲೆಕ್ಕ ಕೊಟ್ಟದ್ದು 2009ರ ತೀರ್ಪು. ಅದನ್ನು ಬರೆದವರು ಬೆಂಗಳೂರಿನಲ್ಲಿ ವಕೀಲಿಕೆ ಮಾಡಿ, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. 15ರಿಂದ 25 ವಯಸ್ಸಿನವರಿಗೆ ಗುಣಕ 18, 26ರಿಂದ 30ಕ್ಕೆ 17, ಹೀಗೆ ಇಳಿಯುತ್ತ 65 ದಾಟಿದವರಿಗೆ 5. ಮದುವೆಯಾಗದವರಾದರೆ ಸ್ವಂತ ಖರ್ಚೆಂದು ಆದಾಯದ ಅರ್ಧ ಕಳೆಯಬೇಕು, ಅವಲಂಬಿತರು ಎರಡು ಮೂರು ಮಂದಿಯಿದ್ದರೆ ಮೂರನೇ ಒಂದು, ನಾಲ್ಕರಿಂದ ಆರು ಮಂದಿಯಿದ್ದರೆ ಕಾಲು ಭಾಗ. 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಇನ್ನೊಂದು ಮೆಟ್ಟಿಲು ಸೇರಿಸಿತು. ಸ್ವಂತ ದುಡಿಮೆಯವರ ಆದಾಯವೂ ಮುಂದೆ ಏರುತ್ತಿತ್ತು ಎಂದು ಒಪ್ಪಿ, 40ಕ್ಕಿಂತ ಕಿರಿಯರಿಗೆ ಶೇ 40 ಸೇರಿಸಬೇಕೆಂದಿತು. ಕಾಯಂ ನೌಕರಿಯವರಿಗೆ ಶೇ 50.

ಲೆಕ್ಕ ಹಾಕಿ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. 28 ವಯಸ್ಸಿನ, ತಿಂಗಳಿಗೆ 12,000 ದುಡಿಯುತ್ತಿದ್ದ ಸ್ವಂತ ಕಸುಬಿನ ಒಬ್ಬರು, ನಾಲ್ಕು ಮಂದಿ ಅವಲಂಬಿತರು ಎಂದಿಟ್ಟುಕೊಳ್ಳೋಣ. ಶೇ 40 ಸೇರಿಸಿದರೆ 16,800. ಕಾಲು ಭಾಗ ಕಳೆದರೆ 12,600. ವರ್ಷಕ್ಕೆ 1,51,200. ಹದಿನೇಳರಿಂದ ಗುಣಿಸಿದರೆ 25,70,400 ರೂಪಾಯಿ. ಆ 12,000ವನ್ನು ನ್ಯಾಯಮಂಡಳಿ ನಂಬದೆ 6,000 ಎಂದು ಹಿಡಿದರೆ ಇಡೀ ಮೊತ್ತ ಅರ್ಧಕ್ಕೆ, 12,85,200ಕ್ಕೆ ಇಳಿಯುತ್ತದೆ. ಲೆಕ್ಕದ ಸೂತ್ರ ಎಷ್ಟೇ ನ್ಯಾಯವಾಗಿರಲಿ, ಆದಾಯದ ಮೊದಲ ಅಂಕಿಯಲ್ಲೇ ಕುಟುಂಬದ ಮುಂದಿನ ಇಪ್ಪತ್ತು ವರ್ಷ ತೀರ್ಮಾನವಾಗಿಬಿಡುತ್ತದೆ.

ರಸೀದಿ ಇಲ್ಲದ ದುಡಿಮೆ

ಆ ಮೊದಲ ಅಂಕಿಗೆ ಪುರಾವೆ ಕೊಡುವವರು ಯಾರು? ಸಂಬಳದ ಚೀಟಿ ಇರುವವರಿಗೆ ತೊಂದರೆಯಿಲ್ಲ. ಕೂಲಿಯವರಿಗೆ, ಸಂತೆ ವ್ಯಾಪಾರಿಗಳಿಗೆ ಯಾರೂ ಚೀಟಿ ಬರೆದುಕೊಡುವುದಿಲ್ಲ. ಪುರಾವೆ ಇಲ್ಲ ಎಂದು ಆದಾಯವನ್ನು ಕಡಿಮೆ ಹಿಡಿಯುವುದು ವರ್ಷಗಟ್ಟಲೆ ನಡೆದ ರೂಢಿ.

2011ರಲ್ಲಿ ಕರ್ನಾಟಕದ ಒಬ್ಬ ಕೂಲಿ ಕಾರ್ಮಿಕನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದು ಆತ ಹೇಳಿದ್ದ, ಕೆಳಗಿನ ಕೋರ್ಟುಗಳು 3,000 ಎಂದಿದ್ದವು. ನ್ಯಾ. ಎಚ್.ಎಲ್. ದತ್ತು ಅವರಿದ್ದ ಪೀಠ, ಆ ಕಾಲದ ದಿನಗೂಲಿಯನ್ನು ನೋಡಿದರೆ 4,500 ಉತ್ಪ್ರೇಕ್ಷೆಯಲ್ಲ, ಕೂಲಿಯವನಿಂದ ದಾಖಲೆ ನಿರೀಕ್ಷಿಸುವಂತಿಲ್ಲ ಎಂದು ಆತನ ಮಾತನ್ನೇ ಒಪ್ಪಿತು.

ಮೂರು ವರ್ಷದ ನಂತರ ಮತ್ತೊಂದು ಕರ್ನಾಟಕದ ಪ್ರಕರಣ, ಈ ಸಲ ಬೈಕ್ ಅಪಘಾತದ್ದು. 24 ವಯಸ್ಸಿನ ತರಕಾರಿ ವ್ಯಾಪಾರಿಯೊಬ್ಬ 2008ರಲ್ಲಿ ಬಲಗಾಲು ಕಳೆದುಕೊಂಡಿದ್ದ. ತರಕಾರಿ ಮಾರುವವನು ಒಂದೇ ಕಡೆ ಕೂತು ಮಾರಬಹುದಲ್ಲ, ಕಾಲಿಲ್ಲದಿದ್ದರೇನು ಎಂಬ ತರ್ಕ ಇಂಥ ಪ್ರಕರಣಗಳಲ್ಲಿ ಸುಲಭವಾಗಿ ನುಸುಳುತ್ತದೆ. ನ್ಯಾ. ವಿ. ಗೋಪಾಲಗೌಡ ಬರೆದ ತೀರ್ಪು ಅದನ್ನು ಒಪ್ಪಲಿಲ್ಲ. ಅವನ ಆದಾಯ ತಿಂಗಳಿಗೆ 6,500 ಎಂದೂ ದುಡಿಮೆಯ ನಷ್ಟ ಶೇ 85 ಎಂದೂ ಹಿಡಿಯಿತು.

ಗಾಯಗೊಂಡವರ ವಿಷಯದಲ್ಲಿ ದಾರಿ ತೋರಿದ್ದು 2010ರ ಇನ್ನೊಂದು ತೀರ್ಪು, ಅದೂ ರವೀಂದ್ರನ್ ಅವರದೇ. ವೈದ್ಯರು ಹೇಳುವ ಅಂಗವೈಕಲ್ಯದ ಪ್ರಮಾಣ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಹೋದ ಸರ್ಕಾರಿ ಗುಮಾಸ್ತ ಅದೇ ಕುರ್ಚಿಯಲ್ಲಿ ಮುಂದುವರಿಯಬಹುದು. ಎಡಗೈ ಹೋದ ಚಾಲಕನಿಗೋ ಬಡಗಿಗೋ ಬದುಕೇ ಹೋದಂತೆ. ದೇಹಕ್ಕೆ ಏನಾಯಿತು ಎಂಬುದರ ಜೊತೆಗೆ ಕೆಲಸಕ್ಕೆ ಏನಾಯಿತು ಎಂದೂ ಕೇಳಬೇಕು ಎಂದು ಆ ತೀರ್ಪು ಹೇಳಿತು.

ಸಂಬಳವೇ ಇಲ್ಲದ ದುಡಿಮೆಯ ಪ್ರಶ್ನೆಯೂ ಇತ್ತು. 2014ರಲ್ಲಿ ದೆಹಲಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ಕಾರು ಡಿಕ್ಕಿಯಾಗಿ ಸತ್ತರು. ಹೆಂಡತಿ ಗರ್ಭಿಣಿ, ಗೃಹಿಣಿ. 2021ರ ಜನವರಿಯಲ್ಲಿ ಆ ಪ್ರಕರಣದ ತೀರ್ಪಿನಲ್ಲಿ ನ್ಯಾ. ಎನ್.ವಿ. ರಮಣ, ಅಡುಗೆ, ನೀರು, ಮಕ್ಕಳು, ಹಿರಿಯರ ಆರೈಕೆ, ಹೊಲಗದ್ದೆಯ ಕೆಲಸ ಎಲ್ಲವೂ ಮನೆಗೂ ದೇಶಕ್ಕೂ ಸೇರುವ ದುಡಿಮೆ ಎಂದು ಪ್ರತ್ಯೇಕವಾಗಿ ಬರೆದರು. ಗೃಹಿಣಿಯ ಕಾಲ್ಪನಿಕ ಆದಾಯಕ್ಕೂ ಮುಂದಿನ ಏರಿಕೆಯನ್ನು ಸೇರಿಸಬೇಕು ಎಂದಾಯಿತು.

ಹಿಂದಿನ ಸೀಟು, ಮುಂದಿನ ಸೀಟು

ಹೀಗೆ ಕೂಲಿ, ಗೃಹಿಣಿ, ಸಹೋದರ ಎಲ್ಲರೂ ಒಬ್ಬೊಬ್ಬರಾಗಿ ಲೆಕ್ಕದೊಳಗೆ ಬಂದರು. ಬೈಕಿನ ಮೇಲೆ ಕೂತವರ ಕತೆ ಮಾತ್ರ ಡೊಂಕಾಗಿಯೇ ಸಾಗಿತು.

ಹಿಂಬದಿ ಸವಾರರನ್ನು ನೋಡಿ. ಬೇರೆ ವಾಹನದ ತಪ್ಪಿನಿಂದ ಅಪಘಾತವಾದರೆ ಆ ವಾಹನದ ವಿಮೆಗೆ ಇವರು ಮೂರನೆಯವರು, ಪರಿಹಾರ ಸಿಗುತ್ತದೆ. ಆದರೆ ತಾವು ಕೂತಿದ್ದ ಬೈಕೇ ಜಾರಿಬಿದ್ದರೆ? 2006ರಲ್ಲಿ ಮತ್ತು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಾಯ್ದೆ ಕಡ್ಡಾಯ ಮಾಡಿರುವ ಕನಿಷ್ಠ ಪಾಲಿಸಿ, ಅಂದರೆ ಜನ ‘ಥರ್ಡ್ ಪಾರ್ಟಿ’ ಎಂದು ಕರೆಯುವ ಅಗ್ಗದ ಪಾಲಿಸಿ, ಹಿಂದೆ ಕೂತವರನ್ನು ಒಳಗೊಳ್ಳುವುದಿಲ್ಲ. 2009ರ ನವೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಹೆಚ್ಚು ಪ್ರೀಮಿಯಂ ಕಟ್ಟಿದ ಸಮಗ್ರ ಪಾಲಿಸಿಯಾದರೆ ಹಿಂಬದಿ ಸವಾರರೂ ಸೇರುತ್ತಾರೆ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಹಿಂದಿನ ಸೀಟಿನಲ್ಲಿ ಕೂತ ಹೆಂಡತಿಯೋ ತಾಯಿಯೋ ಕಾನೂನಿನ ಕಣ್ಣಿಗೆ ಕಾಣುವುದು ಅಥವಾ ಕಾಣದಿರುವುದು, ಗಾಡಿಯವರು ಷೋರೂಮಿನಲ್ಲಿ ಯಾವ ಪಾಲಿಸಿಗೆ ಸಹಿ ಹಾಕಿದ್ದರು ಎಂಬುದರ ಮೇಲೆ ನಿಂತಿತು.

ಬೈಕಿನ ಮೇಲೆ ಮೂವರು ಕೂತಿದ್ದರೆಂಬ ಕಾರಣಕ್ಕೆ ಪರಿಹಾರ ಕಡಿತ ಮಾಡುವ ರೂಢಿಗೂ 2020ರಲ್ಲಿ ಕಡಿವಾಣ ಬಿತ್ತು. ಮೂವರು ಕೂತದ್ದು ನಿಯಮ ಮುರಿದಂತೆ, ನಿಜ. ಆದರೆ ಹಿಂದಿನಿಂದ ಕಾರು ಗುದ್ದಿದ ಪ್ರಕರಣದಲ್ಲಿ, ಮೂವರಿದ್ದದ್ದಕ್ಕೂ ಅಪಘಾತಕ್ಕೂ ಸಂಬಂಧ ತೋರಿಸದೆ ಸತ್ತವನ ಮೇಲೂ ತಪ್ಪು ಹೊರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮುಂದಿನ ಸೀಟಿನ ಕತೆ ಇನ್ನೂ ಕಠಿಣ. ಬೇರೆಯವರ ತಪ್ಪಿದ್ದರೆ ಸವಾರನೂ ಅವರಿಂದ ಪರಿಹಾರ ಕೇಳಬಹುದು. ಅಲ್ಲೂ ಜಾಗ ತಪ್ಪಿ ಕೇಳಿದವರಿದ್ದಾರೆ. 2020ರ ಇನ್ನೊಂದು ತೀರ್ಪಿನ ಪ್ರಕರಣದಲ್ಲಿ ಎರಡು ಬೈಕುಗಳು ಡಿಕ್ಕಿಯಾಗಿದ್ದವು, ತಪ್ಪು ಎದುರಿನ ಬೈಕಿನದು. ಸತ್ತವನು ಓಡಿಸುತ್ತಿದ್ದದ್ದು ಎರವಲು ಬೈಕು. ಕುಟುಂಬ ಎದುರಿನ ಬೈಕಿನವರನ್ನು ಬಿಟ್ಟು ಎರವಲು ಬೈಕಿನ ವಿಮೆಯ ಮೇಲೆ ಅರ್ಜಿ ಹಾಕಿತ್ತು. ಕೊನೆಗೆ ದಕ್ಕಿದ್ದು ಪಾಲಿಸಿಯಲ್ಲಿದ್ದ ಒಂದು ಲಕ್ಷ ರೂಪಾಯಿ ಮಾತ್ರ.

ಎದುರಿಗೆ ಯಾರೂ ಇಲ್ಲದಿದ್ದರೆ, ಅಂದರೆ ನಾಯಿ ಅಡ್ಡ ಬಂದರೆ, ಗುಂಡಿಗೆ ಬಿದ್ದರೆ, ಇಳಕಲ್ ರಸ್ತೆಯಂತೆ ವಿಮೆಯೇ ಇಲ್ಲದ ಎತ್ತಿನ ಗಾಡಿಗೆ ಬಡಿದರೆ, ಮಾಲೀಕನಿಗೆ ಉಳಿಯುವುದು ಪಾಲಿಸಿಯೊಳಗಿನ ವೈಯಕ್ತಿಕ ಅಪಘಾತ ವಿಮೆ. ದ್ವಿಚಕ್ರಕ್ಕೆ ಅದು ಬಹುಕಾಲ ಒಂದು ಲಕ್ಷ ರೂಪಾಯಿಯಷ್ಟೇ ಇತ್ತು. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ 2018ರಲ್ಲಿ ಅದನ್ನು 15 ಲಕ್ಷಕ್ಕೆ ಏರಿಸಲಾಯಿತು. ಆದರೆ ಅದು ಸಿಗುವುದು ಲೈಸೆನ್ಸ್ ಇರುವ ಮಾಲೀಕನಿಗೆ. ಎರವಲು ಸವಾರನಿಗೆ ನಷ್ಟದ ಮಟ್ಟಿಗೆ ಮಾಲೀಕನ ಪಟ್ಟವಿದೆ, ಲಾಭದ ಮಟ್ಟಿಗೆ ಇಲ್ಲ.

2019ರಲ್ಲಿ ಕಾಯ್ದೆಯನ್ನು ತಿದ್ದಿದಾಗ ಸಂಸತ್ತು ‘ಮೂರನೆಯವರು’ ಎಂಬ ಪದದ ಅರ್ಥವನ್ನು ಹಿಗ್ಗಿಸಿತು. ಲಾರಿ, ಬಸ್ಸಿನಂಥ ಸಾರಿಗೆ ವಾಹನದ ಚಾಲಕರು, ಜೊತೆಯ ಕೆಲಸಗಾರರು ಅದರೊಳಗೆ ಬಂದರು. ಬೈಕ್ ಸವಾರ ಬರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು.

ಆರು ತಿಂಗಳ ಗಡುವು

ಊರು ಬಿಟ್ಟು ಬೇರೆ ರಾಜ್ಯದಲ್ಲಿರುವವರಿಗೆ ಈ ಚರಿತ್ರೆಯ ಇನ್ನೊಂದು ಎಳೆ ಮುಖ್ಯ. ಹಿಂದೆ ಅಪಘಾತ ಎಲ್ಲಿ ನಡೆಯಿತೋ ಅಲ್ಲಿನ ಮಂಡಳಿಗೇ ಹೋಗಬೇಕಿತ್ತು. ಪುಣೆಯಲ್ಲಿ ದುಡಿಯುತ್ತಿದ್ದ ಮಗ ಅಲ್ಲೇ ಸತ್ತರೆ, ವಿಜಯಪುರದ ತಂದೆ ತಾಯಿ ತಾರೀಕು ತಾರೀಕಿಗೆ ಪುಣೆಗೆ ಓಡಾಡಬೇಕಿತ್ತು. 1994ರ ತಿದ್ದುಪಡಿ ಇದನ್ನು ಬದಲಿಸಿತು. ಅರ್ಜಿದಾರರು ವಾಸವಿರುವ ಊರಿನಲ್ಲೂ ಅರ್ಜಿ ಹಾಕಬಹುದು, ಆ ಹಕ್ಕು ಈಗಲೂ ಇದೆ.

ಅದೇ 1994ರಲ್ಲಿ ಕಾಲದ ಗಡುವೂ ಹೋಗಿತ್ತು. 1956ರಲ್ಲಿ 60 ದಿನ, ಆಮೇಲೆ ಆರು ತಿಂಗಳು ಇದ್ದ ಮಿತಿಯನ್ನು ಸಂಸತ್ತು ಪೂರ್ತಿ ತೆಗೆದುಹಾಕಿತ್ತು. ಸಾವಿನ ಮನೆಗೆ ದಾಖಲೆ ಕೂಡಿಸಲು ಸಮಯ ಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಇದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ. ಅದೇನೇ ಇದ್ದರೂ ತಿಥಿ, ಆಸ್ಪತ್ರೆ, ಸಾಲಗಳ ನಡುವೆ ಆರು ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ ಎಂಬುದು ಇಂಥ ಮನೆಗಳನ್ನು ಬಲ್ಲವರಿಗೆ ತಿಳಿದದ್ದೇ.

ಅದೇ ತಿದ್ದುಪಡಿ ಕೆಲವು ಒಳ್ಳೆಯದನ್ನೂ ತಂದಿತು. ಯಾರ ತಪ್ಪೆಂದು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಎಂದಾಯಿತು. ಗುದ್ದಿ ಓಡಿದ ಪ್ರಕರಣದಲ್ಲಿ ಸಾವಿಗೆ 2 ಲಕ್ಷ. ಅಪಘಾತದ ವರದಿಯನ್ನು ಪೊಲೀಸರೇ ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಕಳಿಸಬೇಕು. 2025ರ ಮೇ ತಿಂಗಳಿನಿಂದ ಏಳು ದಿನಗಳ ತನಕ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಪಡೆಯುವ ಯೋಜನೆಯೂ ಇದೆ.

ಇಳಕಲ್ ರಸ್ತೆಯ ಪ್ರಶ್ನೆಯೂ ಮುಗಿದುಹೋಗಿಲ್ಲ. ಯಾರ ತಪ್ಪನ್ನೂ ಕೇಳದ ಆ ಹಳೆಯ 163ಎ ಕಲಮು ನಿಜಕ್ಕೂ ಮೂರನೆಯವರಿಗೆ ಮಾತ್ರವೇ, ಅಥವಾ ವಾಹನದ ಮಾಲೀಕನ ಮಕ್ಕಳೂ ಅದರಡಿ ಕೇಳಬಹುದೇ ಎಂಬ ಅನುಮಾನವನ್ನು 2025ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎತ್ತಿ, ದೊಡ್ಡ ಪೀಠಕ್ಕೆ ಒಪ್ಪಿಸಿದ್ದಾರೆ. 2022ರಲ್ಲಿ ಆ ಕಲಮು ಕಾಯ್ದೆಯಿಂದಲೇ ಹೋಗಿದೆ, ಅದರಡಿಯ ಹಳೆಯ ಅರ್ಜಿಗಳು ಮಾತ್ರ ಉಳಿದಿವೆ.

ಸಾವಿಗೆ ಬೆಲೆಯಿಲ್ಲ ಎಂಬಲ್ಲಿಂದ ಗೃಹಿಣಿಯ ಅಡುಗೆಗೂ ಬೆಲೆ ಕಟ್ಟಬೇಕು ಎಂಬಲ್ಲಿಗೆ ಬರಲು ಕಾನೂನಿಗೆ ಇನ್ನೂರು ವರ್ಷ ಹಿಡಿಯಿತು. ಪ್ರತಿ ಹೆಜ್ಜೆಯನ್ನೂ ಇಡಿಸಿದ್ದು ಯಾವುದೋ ಒಂದು ಮನೆಯವರು, ಅಲ್ಲಿಯತನಕ ಪಟ್ಟಿಯಲ್ಲಿ ಇಲ್ಲದವರು, ನಾವೂ ಕಳೆದುಕೊಂಡವರೇ ಎಂದು ಕೋರ್ಟಿಗೆ ಹೋಗಿ ಹೇಳಿದ್ದು. ಗುಡೂರಿನ ಆ ಮನೆಯೂ ಅದನ್ನೇ ಹೇಳಿತ್ತು. ಇವತ್ತೂ ಯಾರೋ ನೆರೆಮನೆಯವರ ಬೈಕಿನ ಕೀಲಿ ಇಸಿದುಕೊಂಡು ಸಂತೆಗೆ ಹೊರಟಿರುತ್ತಾರೆ. ಆ ಕೀಲಿಯ ಜೊತೆಗೆ ಏನೇನು ಕೈಬದಲಾಯಿತು ಎಂಬುದು ಕೊಟ್ಟವರಿಗೂ ಗೊತ್ತಿರುವುದಿಲ್ಲ, ಪಡೆದವರಿಗೂ ಗೊತ್ತಿರುವುದಿಲ್ಲ.